ಬೀಗರ ಕಾರಿನ ಸ್ಟೇರಿಂಗ್ ಬಿಚ್ಚಿದ್ದು

ನನ್ನ ಮೊಮ್ಮಗಳ ಮದುವೆ! ಇದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಾರಿನ ಸಂಗತಿ ಬರೆದು ಮುಗಿಸುವವರೆಗೆ ಬಾಯಿ ಕಟ್ಟಿಕೊಂಡು ಕೂರುವುದು ನನ್ನಿಂದ ಆಗದು. ಮಾತು ಗಟ್ಟಿಯಾದ ದಿನದಿಂದ ನಾವಿರುವ ಪುಣೆಯ ನಿಗಡಿಯಲ್ಲಿ ತರಕಾರಿ ಮಾರುವವಳಿಗೆ ಹೇಳಿದ್ದೇನೆ, ಬಸ್ಸಿನ ಕಂಡಕ್ಟರನಿಗೆ ಹೇಳಿದ್ದೇನೆ, ನನ್ನ ಗಾಡಿ ರಿಪೇರಿ ಶೆಡ್ಡಿಗೆ ಬ್ರೇಕ್ ಸರಿಮಾಡಿಸಲು ಬಂದ ಗುರುತಿಲ್ಲದ ಗಿರಾಕಿಗೆ ಪೇಢೆ ಕೊಟ್ಟು ಹೇಳಿದ್ದೇನೆ. ಅಂಥ ಸಂತೋಷ. ಆ ಸಂತೋಷವೇ ನನ್ನನ್ನು ಭಯದ ಬಾಯಿಗೆ ನೂಕಿದ್ದು.

ಮಾತುಕತೆಗೆ ಗಂಡಿನ ಮನೆಯವರು ಬಂದಿದ್ದರು. ಅವರೂ ಕನ್ನಡದವರೇ, ಧಾರವಾಡದ ಕಡೆಯವರು. ಪುಣೆಗೆ ಬಂದು ಬಟ್ಟೆ ವ್ಯಾಪಾರದಲ್ಲಿ ನೆಲೆ ನಿಂತವರು. ಗಂಡಿನ ಅಜ್ಜಿ, ಅಂದರೆ ನನಗೆ ಬೀಗಿತ್ತಿ, ಚಹಾದ ಕಪ್ಪು ಕೆಳಗಿಟ್ಟು ಒಂದೇ ಒಂದು ಮಾತು ಕೇಳಿದರು.

"ನಮ್ಮನಿಯಾಗ ಒಂದ ಹಳೇ ಗಾಡಿ ಅದ ನೋಡ್ರಿ, ಇಂಗ್ಲೆಂಡಿಂದು. ನಮ್ಮ ಯಜಮಾನ್ರು ಒಬ್ಬ ಪಾರಸಿ ಸಾಹೇಬನ ಕಡಿಂದ ತಗೊಂಡಿದ್ದು. ಲಗ್ನ ಆದಮ್ಯಾಗ ಮದಮಕ್ಕಳು ಅದರಾಗ ಕೂತು ಮನಿಗೆ ಬರಬೇಕು. ನನ್ನ ಆಶಾ ಇಷ್ಟ."

"ಓಡಸೋರು ಯಾರ್ರಿ?" ಎಂದು ಕೇಳಿದೆ.

ಮದುಮಗ ತಲೆ ತಗ್ಗಿಸಿದ. ಅವನಿಗೆ ಗೇರಿಲ್ಲದ ಸ್ಕೂಟರ್ ಬಿಟ್ಟರೆ ಮತ್ತೊಂದು ಬರುವುದಿಲ್ಲ. ನನ್ನ ಮೊಮ್ಮಗಳು ಸೆರಗು ಸರಿಮಾಡಿಕೊಂಡು, "ನಾ ಓಡಸ್ತೀನ್ರಿ" ಎಂದಳು. ಚಾಕಣದ ಕಡೆ ಒಂದು ಕಾರ್ಖಾನೆಯಲ್ಲಿ ಹೊಸ ಗಾಡಿಗಳನ್ನು ಓಡಿಸಿ ತಪಾಸಣೆ ಮಾಡುವುದೇ ಅವಳ ನೌಕರಿ. ಬೀಗಿತ್ತಿ ಚಪ್ಪಾಳೆ ತಟ್ಟಿದರು. "ಛಲೋ ಆತು ಬಿಡು! ನಮ್ಮ ಹುಡುಗನ್ನ ಮನೀತನಕಾ ತಂದ ಮುಟ್ಟಸು ಮತ್ತ. ನಡುವ ದಾರ್ಯಾಗ ಇಳಿಸಿ ಹೋಗಬ್ಯಾಡ."

ಎಲ್ಲರೂ ನಕ್ಕರು. ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮುಂದಿನ ವಾರ ಮೊಮ್ಮಗಳು ಅವರ ಮನೆಗೆ ಹೋಗಿ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದಳು. ಮುಖ ಗಂಭೀರವಾಗಿತ್ತು. "ಆಯಿ, ಗಾಡಿ ಬಂಗಾರ ಇದ್ದಂಗ ಅದ. ಆದ್ರ ಸ್ಟೇರಿಂಗ್ ಕೈಯಾಗ ಕುಣೀತದ. ಮ್ಯಾಲೆ ಕೆಳಗ ಅಲಗಾಡ್ತದ. ಹಂಗ ಓಡಸಬಾರದು."

ಅದರ ಕಾರಣ ನನಗೆ ತಕ್ಷಣ ಹೊಳೆಯಿತು. ಹಳೆಯ ಇಂಗ್ಲೆಂಡ್ ಗಾಡಿಗಳಲ್ಲಿ ಸ್ಟೇರಿಂಗ್ ಚಕ್ರದ ಕೆಳಗೆ ಉದ್ದ ಕೊಳವೆ ಇರುತ್ತದೆ, ಕೊಳವೆಯೊಳಗೆ ಶಾಫ್ಟು. ಶಾಫ್ಟು ಅಲುಗಾಡದಂತೆ ಮೇಲಿನ ತುದಿಯಲ್ಲಿ ಉಣ್ಣೆಯ ಒಂದು ಬಳೆ ಹಾಕಿರುತ್ತಾರೆ. ಅದು ತಿಂದುಹೋದರೆ ಚಕ್ರ ಕುಣಿಯುತ್ತದೆ. ಹೊಸ ಬಳೆ ಹಾಕುವುದು ಅಂಗೈ ತೊಳೆದಷ್ಟು ಸುಲಭ. ಆದರೆ ಹಾಕಬೇಕಾದರೆ ಮೊದಲು ಚಕ್ರ ಬಿಚ್ಚಬೇಕು.

ಬೀಗರು ದೊಡ್ಡ ಗ್ಯಾರೇಜಿಗೆ ಕೊಡುವ ಮಾತಾಡುತ್ತಿದ್ದರು. ನಾನು ಫೋನಿನಲ್ಲಿ ಕೂಗಿದೆ: "ಹೊರಗ್ಯಾಕ್ರಿ ಬೀಗಿತ್ತೇರ? ನಾ ಇರೂದ್ಯಾಕ? ಕಳಸ್ರಿ ನಮ್ಮ ಶೆಡ್ಡಿಗೆ!"

ನಾನು ಶೆಡ್ಡಿನ ಹೆಂಗಸು. ಕಲಿತದ್ದು ಮೂರನೇ ಇಯತ್ತೆ. ಗಂಡನ ಕೈಕೆಳಗೆ ನಟ್ಟು ಬೋಲ್ಟು ತೊಳೆಯುತ್ತ ಬಿಚ್ಚುವುದನ್ನೂ ಕಟ್ಟುವುದನ್ನೂ ಕಲಿತೆ. ಅವರು ಹೋದ ಮೇಲೂ ಶಟರ್ ಇಳಿಸಲಿಲ್ಲ. ಇಷ್ಟು ಸಾಕು ನನ್ನ ಪುರಾಣ.

ಗಾಡಿ ಬಂತು. ಎರಡೇ ಆಸನ, ಉದ್ದ ಮೂತಿ, ಅರಿಶಿನ ಕಲಸಿದ ಹಾಲಿನ ಬಣ್ಣ. ಮೊದಲು ಚಕ್ರದ ಮುಂದೆ ಬಗ್ಗಿ ನೋಡಿದೆ. ತೆಳ್ಳಗಿನ ಉಕ್ಕಿನ ಕಡ್ಡಿಗಳು ವೀಣೆಯ ತಂತಿಯ ಹಾಗೆ ಜೊತೆಜೊತೆಯಾಗಿ ನಡುವಿನಿಂದ ಹೊರಟು ಅಂಚು ಮುಟ್ಟಿದ್ದವು. ಅಂಚಿನ ಒಳಗೆ ಉಕ್ಕಿನ ಸರಳು, ಮೇಲೆ ಹಳೆಯ ಕಾಲದ ಗಟ್ಟಿ ಕಪ್ಪು ಹೊದಿಕೆ. ವಯಸ್ಸಾಗಿ ಅದು ಗಾಜಿನ ಬಳೆಯಷ್ಟು ಪೆಡಸಾಗಿತ್ತು. ಒಂದು ಪೆಟ್ಟು ತಪ್ಪಿದರೆ ಚೂರು. ಇಂಥ ಇನ್ನೊಂದು ಚಕ್ರ ಈ ಊರಿನಲ್ಲಿ ಸಿಗುವುದಿಲ್ಲ. ಸಿಕ್ಕರೂ ಅದು ಬೀಗಿತ್ತಿಯ ಯಜಮಾನರು ಹಿಡಿದ ಚಕ್ರ ಆಗುವುದಿಲ್ಲ.

ನನ್ನ ಮೊಮ್ಮಗಳು, ಆ ಕೂಸು, ನಾಳೆ ಅವರ ಮನೆಯಲ್ಲಿ ಬಾಳಬೇಕು. ಬೀಗರ ಮನೆಯ ಒಂದು ಲೋಟ ಒಡೆದರೂ ಅದು ವರ್ಷಾನುಗಟ್ಟಲೆ ಮಾತಿಗೆ ಬರುತ್ತದೆ. ಇದು ಲೋಟವಲ್ಲ. ಆ ಚಕ್ರ ಒಡೆಯದೆ ಹೊರಗೆ ಬರಬೇಕು. ನನಗೆ ಬೇಕಾದದ್ದು ಅಷ್ಟೇ.

ಮೊದಲು ಬ್ಯಾಟರಿಯ ವಾಯರ್ ಬಿಚ್ಚಿದೆ. ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಿದೆ. ಚಕ್ರದ ನಟ್ಟನಡುವೆ ಹಾರ್ನಿನ ಗುಂಡಿ ಕೂತ ಟೋಪಿಯಂಥ ಮುಚ್ಚಳ. ಅದರ ಸುತ್ತ ಸಾಸಿವೆ ಕಾಳಿನಂಥ ಸಣ್ಣ ಸ್ಕ್ರೂಗಳು. ಅವುಗಳ ಬಾಯಲ್ಲಿ ಕಂದು ಮಣ್ಣಿನಂಥದ್ದು ತುಂಬಿತ್ತು. ಸೂಜಿಯಿಂದ ಕೆದರಿ ತೆಗೆಯಬೇಕಾಯಿತು. ಮುಚ್ಚಳ ಎತ್ತಿದರೆ ಒಳಗೆಲ್ಲ ಕಪ್ಪು ಗಟ್ಟಿ ಲೇಪ. ಹಳೆಯ ಗ್ರೀಸು ಒಣಗಿದೆ ಅಂದುಕೊಂಡೆ. ಕೊಳವೆಯ ಗುಂಟ ಕೆಂಪಿರುವೆಗಳ ಸಾಲೊಂದು ಮೇಲೆ ಹತ್ತುತ್ತಿತ್ತು. ಅದನ್ನು ಬಟ್ಟೆಯಿಂದ ಒರೆಸಿ ಹಾಕಿದೆ. ನೋಡಿ, ದೇವರು ಅಲ್ಲೇ ಬೆರಳು ತೋರಿಸಿದ್ದ, ನಾನು ನೋಡಲಿಲ್ಲ.

ಲೇಪದ ನಡುವೆ ದೊಡ್ಡ ನಟ್ಟು. ಇಂಗ್ಲೆಂಡ್ ಗಾಡಿಗೆ ನಮ್ಮ ಮಿಲಿಮೀಟರ್ ಪಾನೆ, ಅಂದರೆ ಸ್ಪ್ಯಾನರ್, ಹೊಂದುವುದಿಲ್ಲ; ಜಾರಿ ನಟ್ಟಿನ ಮೂಲೆ ತಿನ್ನುತ್ತದೆ. ಗಂಡನ ಇಂಚಿನ ಪಾನೆಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ, ಅದರಲ್ಲೊಂದು ಅಚ್ಚುಕಟ್ಟಾಗಿ ಕೂತಿತು. ಮೊದಲು ಶಾಫ್ಟಿನ ಮೇಲೊಂದು, ಚಕ್ರದ ಮೇಲೊಂದು ಚುಕ್ಕಿ ಗುದ್ದಿ ಗುರುತು ಮಾಡಿದೆ. ತಿರುಗಿ ಕೂಡಿಸುವಾಗ ಶಾಫ್ಟಿನ ಹಲ್ಲಿಗೆ ಚಕ್ರದ ಹಲ್ಲು ಸರಿಯಾಗಿ ಸೇರಬೇಕು. ಇಲ್ಲದಿದ್ದರೆ ಗಾಡಿ ನೇರ ಹೋಗುವಾಗ ಚಕ್ರ ಸೊಟ್ಟಗೆ ನಿಲ್ಲುತ್ತದೆ. ನಟ್ಟು ಕಿರ್ರೆಂದು ಕೂಗಿ ಬಿಟ್ಟಿತು. ಅದನ್ನು ಪೂರ್ತಿ ತೆಗೆಯಲಿಲ್ಲ, ಕೊನೆಯ ಸುತ್ತುಗಳ ಮೇಲೆ ಉಳಿಸಿದೆ. ಸಿಕ್ಕಿಕೊಂಡ ಚಕ್ರ ಬಿಡುವಾಗ ಹೇಳಿ ಕೇಳಿ ಬಿಡುವುದಿಲ್ಲ, ಸೀದಾ ಮುಖಕ್ಕೆ ಬಂದು ಬಡಿಯುತ್ತದೆ. ನಟ್ಟು ಇದ್ದರೆ ಅಲ್ಲೇ ತಡೆಯುತ್ತದೆ.

ಆಸನದಲ್ಲಿ ಕೂತು, ಮೊಣಕಾಲು ಕೊಟ್ಟು, ಎರಡೂ ಕೈಯಿಂದ ಎಳೆದೆ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಚಕ್ರ ಬೆಟ್ಟದ ಹಾಗೆ ಕೂತಿತ್ತು. ಡೀಸೆಲ್ಲಿಗೆ ಗೇರಿನ ಎಣ್ಣೆ ಬೆರೆಸಿ ಹಲ್ಲುಗಳ ಸಂದಿಗೆ ಹನಿಸಿ ಮರುದಿನದವರೆಗೆ ಬಿಟ್ಟೆ. ಮರುದಿನ ಎಣ್ಣೆ ಹಾಕಿದಲ್ಲೇ ನಿಂತಿತ್ತು. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ, ಒಂದು ಕೂದಲಷ್ಟೂ ಒಳಗೆ ಇಳಿದಿರಲಿಲ್ಲ. ತುಕ್ಕಾದರೆ ಎಣ್ಣೆ ಕುಡಿಯುತ್ತದೆ. ಇದು ಕುಡಿಯದೇ ಇದ್ದದ್ದು ಕಂಡು ನನಗೆ ನಿಜವಾದ ಹೆದರಿಕೆ ಹತ್ತಿತು. ನನಗೆ ಗೊತ್ತಿಲ್ಲದ ಯಾವುದೋ ಒಂದು ಆ ಸಂದಿಯಲ್ಲಿ ಕೂತಿದೆ.

ಗೋಡೆಯಾಚೆ ಲೋಹ ಕಡೆಯುವ ಲೇಥ್ ಯಂತ್ರ ಇಟ್ಟಿರುವ ಮರಾಠಿ ಮನುಷ್ಯ ಬಂದು ನೋಡಿದ. ನನ್ನನ್ನು ಮಾವಶಿ ಎನ್ನುತ್ತಾನೆ, ಅಂದರೆ ಚಿಕ್ಕಮ್ಮ. ಬೇಕಾದ್ದು ಮಾಡಿಕೊಡುತ್ತಾನೆ, ಜೊತೆಗೆ ನಾಲಿಗೆಯನ್ನೂ ಹರಿಬಿಡುತ್ತಾನೆ.

"ಮಾವಶಿ, ಹಾತೋಡಾ ಮಾರಾ ಕೀ! ಎಕ್‌ಚ್ ಮಾರಾ!" ಸುತ್ತಿಗೆಯಿಂದ ಒಂದೇ ಏಟು ಹಾಕು ಅನ್ನುವುದು ಅವನ ಮದ್ದು.

"ಏಟ ಹಾಕಿದ್ರ ಶಾಫ್ಟಿನ ಕೆಳಗಿನ ಗೇರ್ ಪೆಟ್ಟಿಗ್ಯಾಗಿನ ಹಲ್ಲು ಮುರೀತಾವ. ಆಮ್ಯಾಗ ನಿನ್ನ ಹಲ್ಲು ಕಿತ್ತು ಹಾಕಲೇನ?" ಎಂದು ಕನ್ನಡದಲ್ಲೇ ಬೈದೆ. ಅವನಿಗೆ ಬೈಗುಳದಷ್ಟು ಕನ್ನಡ ಬರುತ್ತದೆ. ಹಲ್ಲು ಕಿರಿದ.

ಬೆಂಕಿ ಹಿಡಿಯಲೂ ಆಗದು, ಕಪ್ಪು ಹೊದಿಕೆ ಬೆಂದುಹೋಗುತ್ತದೆ. ಉಳಿದದ್ದು ಎಳೆಯುವ ಪುಲ್ಲರ್; ಅದರ ನಡುವಿನ ಬೋಲ್ಟು ಶಾಫ್ಟನ್ನು ಒತ್ತುತ್ತ ಹೋದಂತೆ ಕೊಕ್ಕೆಗಳು ಚಕ್ರವನ್ನು ಹೊರಗೆಳೆಯುತ್ತವೆ. ಅದರ ಕೊಕ್ಕೆಗಳನ್ನು ಕಡ್ಡಿಗಳ ಹಿಂದೆ ಹಾಕಿದರೆ ಕಡ್ಡಿ ಬಾಗುತ್ತದೆ. ಆದ್ದರಿಂದ ಲೇಥಿನವನಿಂದ ದಪ್ಪ ಪ್ಲೇಟೊಂದನ್ನು ಎರಡು ಹೋಳು ಮಾಡಿಸಿದೆ. ಎತ್ತಿನ ಗಾಡಿಯ ಗಾಲಿಗೆ ನಡುವೆ ಗುಂಬ ಇರುವಂತೆ ಈ ಚಕ್ರಕ್ಕೂ ಲೋಹದ ಗುಂಬ ಇದೆ. ಹೋಳುಗಳನ್ನು ಗುಂಬದ ಹಿಂದೆ ಎರಡೂ ಕಡೆಯಿಂದ ಸೇರಿಸಿ, ಬೋಲ್ಟು ಹಾಕಿ, ಮುಂದೆ ಪುಲ್ಲರಿಗೆ ಕಟ್ಟಿದೆ. ಶಾಫ್ಟಿನ ತುದಿಗೆ ಗಾಯ ಆಗದಂತೆ ಹಿತ್ತಾಳೆಯ ಬಿಲ್ಲೆ ಇಟ್ಟೆ. ಮೊಮ್ಮಗಳು ರಜೆ ಹಾಕಿ ಬಂದು ಚಕ್ರ ಹಿಡಿದುಕೊಂಡಳು.

"ಆಯಿ, ಸಾವಕಾಶ."

"ಬಾಯಿ ಮುಚ್ಚ. ನೀ ಮದಮಗಳು, ಮೊದಲ ಕೈಗೆ ಗ್ರೀಸ್ ಹಚಗೊಂಡೀದಿ."

"ಮೆಹಂದಿಕಿಂತ ಇದ ಛಂದ ಏರ್ತದ ಬಿಡು."

ಪುಲ್ಲರಿನ ಬೋಲ್ಟನ್ನು ಸ್ವಲ್ಪ ತಿರುಗಿಸುವುದು, ಕಾಯುವುದು. ಮತ್ತೆ ಸ್ವಲ್ಪ, ಮತ್ತೆ ಕಾಯುವುದು. ಪ್ಲೇಟು ಬಿಲ್ಲಿನ ಹಾಗೆ ಬಾಗತೊಡಗಿತು. ಇನ್ನೊಂದು ಕೂದಲೆಳೆ ತಿರುಗಿಸಿದೆ.

ಟಿಕ್.

ಸಣ್ಣ ಸದ್ದು. ಬಳೆ ಒಡೆದಂಥ ಸದ್ದು. ಚಕ್ರ ಬಂದಿರಲಿಲ್ಲ. ನಾನು ಪಾನೆ ಬಿಟ್ಟು ಚಕ್ರದ ಅಂಚಿನ ಮೇಲೆ ಉಗುರು ಎಳೆಯುತ್ತ ಹೋದೆ. ಮೇಲ್ಭಾಗದಲ್ಲಿ ಉಗುರು ತಡೆಯಿತು. ಕೂದಲಿನಷ್ಟು ಸಣ್ಣ ಸೀಳು, ಅಂಚಿಗೆ ಅಡ್ಡವಾಗಿ.

ಮೊಮ್ಮಗಳು ಬಗ್ಗಿ ನೋಡಿದಳು. "ಮೊದಲ ಇತ್ತೇನ ಆಯಿ?"

"ಗೊತ್ತಿಲ್ಲ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಗಾಡಿ ಬಂದಾಗ ಆ ಅಂಚನ್ನು ಹೀಗೆ ಮುಟ್ಟಿ ನೋಡಿರಲಿಲ್ಲ. ಆದರೆ ಆ ಸದ್ದು ನನ್ನ ಕಿವಿಯಲ್ಲಿತ್ತು. ಪುಲ್ಲರ್ ಬಿಚ್ಚಿಟ್ಟು ಮನೆಗೆ ಹೋದೆ. ಅನ್ನ ಸೇರಲಿಲ್ಲ. ಮನೆಯ ತುಂಬ ಸೀರೆ, ಬಳೆ, ಅಕ್ಕಿ, ನಗು. ನಾನೊಬ್ಬಳು ಮೂಲೆಯಲ್ಲಿ ಕೂತು, ಮದುವೆ ಮಂಟಪದಲ್ಲಿ ಬೀಗಿತ್ತಿ ನನ್ನ ಕಡೆ ನೋಡದೆ ಹಾದುಹೋಗುವುದನ್ನು ಕಣ್ಣ ಮುಂದೆ ಕಾಣುತ್ತಿದ್ದೆ. ಮುಂದೆ ಎಂದಾದರೂ ಮೊಮ್ಮಗಳ ಕೈಯಿಂದ ಹಾಲು ಉಕ್ಕಿದರೂ, "ಅಜ್ಜಿ ಹಂಗ, ಮೊಮ್ಮಗಳು ಹಂಗ" ಅನ್ನಿಸಿಕೊಳ್ಳುವುದು ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಲೇಥಿನವನ ತೀರ್ಮಾನ ತಯಾರಿತ್ತು. ಗ್ರೈಂಡರಿನಿಂದ ಗುಂಬದ ಒಂದು ಬದಿ ಸೀಳುವುದು, ಚಕ್ರ ತೆಗೆಯುವುದು, ಆಮೇಲೆ ವೆಲ್ಡಿಂಗ್ ಮಾಡಿ ಬಣ್ಣ ಬಳಿಯುವುದು. "ಕೋಣಾಲಾ ಕಳಣಾರ್ ನಾಹೀ," ಎಂದ. ಯಾರಿಗೂ ಗೊತ್ತಾಗುವುದಿಲ್ಲ. ಊಟ ಮುಗಿಸಿ ಗ್ರೈಂಡರ್ ತರುತ್ತೇನೆ ಎಂದು ಹೋದ.

ನನ್ನ ಮೊಮ್ಮಗಳು ತನ್ನ ಗಂಡನನ್ನು ಕೂರಿಸಿಕೊಂಡು ಹಿಡಿಯುವ ಚಕ್ರ. ಸೀಳಿ ಬೆಸೆದ ಗುಂಬ. ನಾನು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಅದೇ ಹೊತ್ತಿಗೆ ಶೆಡ್ಡಿನ ಮುಂದೆ ರಿಕ್ಷಾ ನಿಂತಿತು. ಬೀಗಿತ್ತಿ ಇಳಿದರು, ಕೈಯಲ್ಲಿ ತಾಟು, ತಾಟಿನಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ.

ನಾನು ಹೆಗಲ ಮೇಲಿನ ಟವೆಲ್ ತೆಗೆದು ಚಕ್ರದ ಮೇಲೆ ಎಸೆದೆ.

"ದೇವರಿಗೆ ಪತ್ರಿಕಿ ಇಟ್ಟ ಬಂದೆ," ಎಂದರು ಬೀಗಿತ್ತಿ, ಏದುಸಿರು ಬಿಡುತ್ತ. "ಈಗ ಗಾಡಿಗೆ ಕರೀಬೇಕಲ್ರಿ? ಅದು ಮನಿ ಹಿರೇ ಮನಷಾ ಇದ್ದಂಗ. ಕರೀಲಿಲ್ಲಂದ್ರ ಮುನಸ್ತದ." ಹತ್ತಿರ ಬಂದು ಟವೆಲ್ ನೋಡಿದರು. "ಇದ್ಯಾಕ್ರಿ ಬೀಗಿತ್ತೇರ, ಗಾಡಿಗೆ ಮುಸುಕು ಹಾಕೀರಿ? ಮದಮಗಳು ಇದೋ, ನಮ್ಮ ಸೊಸಿಯೋ?"

ಅವರು ನಗುತ್ತಿದ್ದರು. ಮುಚ್ಚಿಟ್ಟರೆ ಆಯಿತು, ಪತ್ರಿಕೆ ಇಟ್ಟು, ಚಹಾ ಕುಡಿದು, ಹೋಗುತ್ತಾರೆ. ಊಟವಾದ ಮೇಲೆ ಗ್ರೈಂಡರ್ ಬರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಕೆಟ್ಟ ಸುದ್ದಿ ಹೇಳುವುದೆಂದರೆ ಏನು ಅನ್ನುವುದು ನಮ್ಮ ಹೆಂಗಸರಿಗೇ ಗೊತ್ತು. ಆದರೆ ಬೀಗಿತ್ತಿ ತಾಟು ಕೆಳಗಿಟ್ಟು, ಗಾಡಿಯ ಮೂತಿಗೆ ಕುಂಕುಮ ಹಚ್ಚಿ, ಪತ್ರಿಕೆಯ ಅಕ್ಷರವನ್ನು ಒಂದೊಂದಾಗಿ ಓದಿ ಹೇಳತೊಡಗಿದರು, ಕಿವಿ ಕೇಳದ ಹಿರಿಯರಿಗೆ ಹೇಳಿದಂತೆ. ಅದನ್ನು ಕೇಳಿ ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಟವೆಲ್ ಎಳೆದೆ.

"ಬೀಗಿತ್ತೇರ, ಇದು ಬರವಲ್ದರಿ. ಎಲ್ಲಾ ಮಾಡಿ ನೋಡಿದೆ. ಎಳ್ಯಾಕ ಹೋಗಿ ಸ್ಟೇರಿಂಗ್ ಸೀಳೀನ್ರಿ. ನೋಡ್ರಿ ಇಲ್ಲಿ. ಬೈರಿ ನನ್ನ. ಕೂಸಿಗೆ ಏನೂ ಅನಬ್ಯಾಡ್ರಿ."

ಅವರು ಕನ್ನಡಕ ಹಾಕಿಕೊಂಡರು. ಸೀಳಿನ ಮೇಲೆ ಬೆರಳಾಡಿಸಿದರು.

"ಇದಾ?" ಎಂದರು. "ಇದು ನೀವ ಮಾಡಿದ್ದಲ್ರಿ. ಇದು ನಮ್ಮ ಯಜಮಾನ್ರ ಪರಾಕ್ರಮ!"

ನಾನು ಗಾಡಿಯ ಬದಿಗೆ ಒರಗಿದೆ.

ಅವರು ಹೇಳಿದ್ದು ಇಷ್ಟು. ಮದುವೆಯಾದ ಹೊಸದರಲ್ಲಿ ಯಜಮಾನರು ಲೋಣಾವಳಾದಿಂದ ಘಾಟು ಇಳಿಯುತ್ತಿದ್ದರು. ಜೋರು ಮಳೆ. ಬ್ರೇಕು ಹಿಡಿಯಲಿಲ್ಲ. ಚಕ್ರವೊಂದನ್ನೇ ನಂಬಿ, ಗುಡ್ಡದ ಬದಿಗೆ ಉಜ್ಜಿಸಿ ಗಾಡಿ ನಿಲ್ಲಿಸಿದರು. "ಈ ಚಕ್ರ ನನ್ನ ಕುಂಕುಮ ಉಳಿಸ್ತು ನೋಡ್ರಿ. ಆ ವರ್ಷ ಖಂಡೇನವಮಿ ಆಯುಧ ಪೂಜಾಕ್ಕ ಎಲ್ಲಾರೂ ಗಾಲಿ ಮುಂದ ಕಾಯಿ ಒಡದ್ರ ಇವರು ಸ್ಟೇರಿಂಗ್ ಮ್ಯಾಲೇ ಒಡದ್ರು! ಕಾಯಿ ಒಡೀಲಿಲ್ಲ, ಇದು ಒಡೀತು. ನಾ ಹೊಟ್ಟಿ ಹಿಡಕೊಂಡ ನಕ್ಕೆ. ಮುಂದ ಕಾಯಿ ಬಂದ್ ಮಾಡಿದ್ರು. ಬರೇ ಪಂಚಾಮೃತ."

"ಏನಂದ್ರಿ?"

"ಪಂಚಾಮೃತರಿ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರಿ. ವರ್ಷಾ ವರ್ಷಾ ಖಂಡೇನವಮಿಗೆ ಈ ನಡುವಿನ ಟೊಪ್ಪಿಗಿ ಮ್ಯಾಲೆ ಅಭಿಷೇಕ. ಅವರು ಹೋದಮ್ಯಾಗ ನಾ ಮಾಡ್ತೀನಿ, ಒಂದ ವರ್ಷ ತಪ್ಪಿಸಿಲ್ಲ. ಮತ್ತ ಚಮತ್ಕಾರ ಕೇಳ್ರಿ, ಒಂದ ಹನಿ ಕೆಳಗ ಬೀಳೂದಿಲ್ಲ. ಸಂದ್ಯಾಗ ಇಳದ ಹೋಗ್ತದ. ಕುಡೀತದ್ರಿ ಅದು! ದೇವರ ತಗೊಂಡಾ ಅಂತ ನಮಗ ಎಷ್ಟ ಸಂತೋಷ ಆಗ್ತದ!"

ನನ್ನ ತಲೆಯಲ್ಲಿ ಒಂದರ ಹಿಂದೊಂದು ದೀಪ ಹತ್ತಿದವು. ಕಪ್ಪು ಲೇಪ. ಎಣ್ಣೆ ಕುಡಿಯದ ಸಂದಿ. ಕೆಂಪಿರುವೆಯ ಸಾಲು. ಅದು ಗ್ರೀಸಲ್ಲ, ತುಕ್ಕಲ್ಲ. ವರ್ಷದ ಮೇಲೆ ವರ್ಷ ಕೂತು ಒಣಗಿದ ಸಕ್ಕರೆ ಪಾಕ! ಪಾಕ ಹತ್ತಿದ ಬೋಗುಣಿಗೆ ಯಾವ ಹೆಂಗಸಾದರೂ ಡೀಸೆಲ್ ಹಾಕುತ್ತಾಳೆಯೇ?

ಆದರೆ ಈಗ ಹೆದರಿಕೆ ಇನ್ನೊಂದು ಬಾಗಿಲಿನಿಂದ ಬಂತು. ಇಷ್ಟು ವರ್ಷದ ಭಕ್ತಿ. ಗಂಡನ ಪ್ರಾಣ ಉಳಿಸಿದ ಹರಕೆ. ದೇವರು ಕುಡಿದ ಎಂದು ನಂಬಿದ ಹೆಂಗಸಿಗೆ, ನಾನು, ಹೆಣ್ಣಿನ ಕಡೆಯವಳು, ಹೇಗೆ ಹೇಳಲಿ? ಸುಮ್ಮನೆ ಬಿಸಿನೀರು ಹಾಕಿ ಕೆಲಸ ಮುಗಿಸಬಹುದಿತ್ತು. ಆದರೆ ಹೇಳದಿದ್ದರೆ ಬರುವ ಖಂಡೇನವಮಿಗೆ ಮತ್ತೆ ಅಭಿಷೇಕ. ನಾನು ಹಾಕುವ ಹೊಸ ಉಣ್ಣೆ ಬಳೆಗೂ ಅದೇ ಗತಿ, ಮತ್ತೆ ಚಕ್ರ ಕುಣಿಯುತ್ತದೆ, ಹಿಡಿದವಳು ನನ್ನ ಕೂಸು.

"ಬೀಗಿತ್ತೇರ," ಎಂದೆ. "ಸಿಟ್ಟಾಗಬ್ಯಾಡ್ರಿ. ಅದು ಒಂದ ಹನಿ ಸೈತ ಕುಡದಿಲ್ರಿ. ಕೊಟ್ಟಿದ್ದೆಲ್ಲಾ ಒಳಗ ಕಟ್ಟಿ ಇಟ್ಟದ. ಅದಕ್ಕ ಬರವಲ್ದು."

ಬೀಗಿತ್ತಿ ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು ಚಕ್ರದ ನಡುವೆ ಬಗ್ಗಿ ನೋಡಿದರು. ಬೆರಳಿನಿಂದ ಆ ಕಪ್ಪು ಲೇಪವನ್ನು ಕೆರೆದು, ನಾನು ಬೇಡ ಬೇಡ ಅನ್ನುವುದರೊಳಗೆ, ನಾಲಿಗೆಗೆ ಮುಟ್ಟಿಸಿಕೊಂಡರು.

"ಹೌದ್ರಿ," ಎಂದರು. "ಸೀ ಅದ." ಆಮೇಲೆ ಅವರ ಹೆಗಲು ಕುಲುಕತೊಡಗಿತು. ಅಳುತ್ತಾರೆ ಅಂದುಕೊಂಡೆ. ಅವರು ನಗುತ್ತಿದ್ದರು. "ಥೇಟ ನಮ್ಮ ಯಜಮಾನ್ರು! ಅವರೂ ಹಂಗ ಇದ್ರು. ಏನ ಕೊಡ್ರಿ, ಖರ್ಚ ಮಾಡ್ತಿರಲಿಲ್ಲ, ಕಟ್ಟಿ ಇಡ್ತಿದ್ರು!"

ನಗು ನಿಂತ ಮೇಲೆ ಕಣ್ಣೊರೆಸಿಕೊಂಡರು. ಅದು ಬರೀ ನಗುವಿನ ನೀರಲ್ಲ ಎಂದು ನನಗೆ ಗೊತ್ತಾಯಿತು. ನಾನು ಕಾಣದವಳಂತೆ ಸ್ಟೋವು ಹೊತ್ತಿಸಲು ಹೋದೆ.

ನೀರು ಕಾಯಿತು. ಕೊಳವೆಯ ಕೆಳಗೆ ನೀರಿಳಿದು ಹಲ್ಲಿನ ಪೆಟ್ಟಿಗೆ ಸೇರಬಾರದು. ಆದ್ದರಿಂದ ಗುಂಬದ ಕೆಳಗೆ ಹತ್ತಿ ಬಟ್ಟೆ ಬಿಗಿದು ಸುತ್ತಿದೆ. ಮೇಲೆ ಇನ್ನೊಂದು ಬಟ್ಟೆ ಬಿಸಿನೀರಿನಲ್ಲಿ ಅದ್ದಿ ಹಿಂಡಿ ಕಟ್ಟಿದೆ. ಬೀಗಿತ್ತಿ ಚಮಚೆಯಿಂದ ಸಂದಿಗೆ ಹನಿಹನಿ ಬಿಸಿನೀರು ಬಿಟ್ಟರು. ಅಭಿಷೇಕ ಮಾಡಿದ ಕೈ, ಅಳತೆ ತಪ್ಪಲಿಲ್ಲ. ಬಟ್ಟೆ ಆರಿದರೆ ಮತ್ತೆ ಬಿಸಿ ಮಾಡುವುದು, ಮತ್ತೆ ಕಟ್ಟುವುದು. ಮೊದಲು ಏನೂ ಆಗಲಿಲ್ಲ. ಆಮೇಲೆ ಕೆಳಗಿನ ಬಟ್ಟೆಯ ಅಂಚು ಕಂದಾಯಿತು. ಶೆಡ್ಡಿನ ತುಂಬ ಹೊತ್ತಿದ ಬೆಲ್ಲದ, ಹಳಸಿದ ತುಪ್ಪದ ವಾಸನೆ. ಲೇಥಿನವನು ಗ್ರೈಂಡರ್ ಹಿಡಿದು ಬಂದವನು ಬಾಗಿಲಲ್ಲೇ ನಿಂತ.

"ಮಾವಶಿ, ಗಾಡೀ ದುರುಸ್ತ್ ಕರತಾಯ್ ಕೀ ಪುರಣಪೋಳೀ?" ಗಾಡಿ ರಿಪೇರಿಯೋ, ಹೋಳಿಗೆಯೋ ಎಂದು ಕೇಳಿದ.

"ಹೋಳಿಗಿ ಆದಮ್ಯಾಗ ಕರೀತೀವಿ. ಆ ಗ್ರೈಂಡರ್ ಮೊದಲ ಹೊರಗ ಇಟ್ಟ ಬಾ," ಎಂದೆ.

ಕಂದು ನೀರು ನಿಂತು ತಿಳಿನೀರು ಬರುವವರೆಗೆ ಬಿಡಲಿಲ್ಲ. ನಂತರ ಗಾಳಿ ಊದಿ ಒಣಗಿಸಿ, ಎಣ್ಣೆ ಹನಿಸಿದೆ. ಈಗ ಎಣ್ಣೆ ನಿಲ್ಲಲಿಲ್ಲ; ಕಣ್ಣೆದುರೇ ಸಂದಿಯೊಳಗೆ ಇಳಿದುಹೋಯಿತು. "ಕುಡೀತು!" ಎಂದು ಬೀಗಿತ್ತಿ ಕೂಗಿದರು.

ಮತ್ತೆ ಪುಲ್ಲರ್ ಕಟ್ಟಲು ಹೋದೆ. ಬಿಚ್ಚಿಟ್ಟ ಪ್ಲೇಟು ನೋಡಿದಾಗ ಅದರ ಬೋಲ್ಟಿನ ಕೆಳಗಿನ ವಾಶರ್ ಒಡೆದು ಎರಡಾಗಿತ್ತು. ಆ ಟಿಕ್ ಸದ್ದು ಇದರದ್ದು. ಇಷ್ಟು ಸಣ್ಣ ವಾಶರ್ ನನ್ನ ಅನ್ನ ನಿದ್ದೆ ತಿಂದಿತ್ತು. ದಪ್ಪನೆಯದೊಂದು ಹಾಕಿದೆ. ಗುಂಬಕ್ಕೆ ಬಿಸಿ ಬಟ್ಟೆ ಸುತ್ತಿದೆ, ಹೊರಗಿನ ಲೋಹ ಒಂದಿಷ್ಟು ಹಿಗ್ಗಲಿ ಎಂದು. ಲೇಥಿನವನು ಚಕ್ರ ಹಿಡಿದ. ಬೀಗಿತ್ತಿ ಆಚೆ ಆಸನದಲ್ಲಿ ಕೂತು ಕಣ್ಣು ಮುಚ್ಚಿ ಏನೋ ಪಠಿಸತೊಡಗಿದರು.

ಸ್ವಲ್ಪ ತಿರುಗಿಸಿದೆ, ಕಾದೆ. ಪ್ಲೇಟು ಬಾಗಿತು. ಇಲ್ಲಿಯವರೆಗೆ ನಿನ್ನೆಯೂ ಬಂದಿದ್ದೆ. ಇಲ್ಲಿಂದ ಮುಂದೆ ಗೊತ್ತಿಲ್ಲದ ದಾರಿ. ಇನ್ನೊಂದು ಕೂದಲೆಳೆ. ಬಟ್ಟೆಯ ಬಿಸಿ ಆರುತ್ತಿತ್ತು. ಮತ್ತೊಂದು ಕೂದಲೆಳೆ ತಿರುಗಿಸಲೋ ಬೇಡವೋ ಎಂದು ಪಾನೆಯ ಮೇಲೆ ಕೈ ಇಟ್ಟುಕೊಂಡು ನಿಂತೆ. ತಿರುಗಿಸಿದೆ.

ಠಣ್! ಪಟಾಕಿ ಸಿಡಿದಂತೆ. ಚಕ್ರ ನನ್ನ ಮುಖದ ಕಡೆ ನೆಗೆದು ನಟ್ಟಿಗೆ ಬಡಿದು ನಿಂತಿತು. ಬೀಗಿತ್ತಿ ಕಿಟಾರನೆ ಚೀರಿದರು. "ಒಡೀತೇನ್ರಿ? ಒಡೀತೇನ್ರಿ?" ಅಂಚಿನ ಸುತ್ತ ಉಗುರು ಎಳೆದೆ. ಯಜಮಾನರ ಸೀಳಿನಲ್ಲಿ ತಡೆಯಿತು. ಮತ್ತೆಲ್ಲೂ ತಡೆಯಲಿಲ್ಲ. ಇನ್ನೊಮ್ಮೆ ಸುತ್ತು ಬಂದೆ. ಇಲ್ಲ.

"ಬಂತ್ರಿ," ಎಂದೆ. ನಟ್ಟು ತೆಗೆದು ಚಕ್ರ ಎತ್ತಿ ಬೀಗಿತ್ತಿಯ ತೊಡೆಯ ಮೇಲೆ ಇಟ್ಟೆ, ಕೂಸನ್ನು ಇಟ್ಟ ಹಾಗೆ. ಆಮೇಲೆ ನೆಲದ ಮೇಲೆ ಕೂತುಬಿಟ್ಟೆ.

ಕೊಳವೆಯೊಳಗಿನ ಉಣ್ಣೆ ಬಳೆ ಕೊಳೆತು ಕಸವಾಗಿತ್ತು. ಬೆಳಗಾವಿಯ ಕಡೆಯಿಂದ ನನ್ನ ತವರಿನವರು ಕೊಟ್ಟ ಕಂಬಳಿ ಮನೆಯಲ್ಲಿತ್ತು. ಅದರ ಅಂಚು ಕತ್ತರಿಸಿ, ಬಿಗಿಯಾಗಿ ಸುತ್ತಿ ಹೊಲಿದು, ಎಣ್ಣೆಯಲ್ಲಿ ನೆನೆಸಿ ಕೂಡಿಸಿದೆ. ಚುಕ್ಕಿಗೆ ಚುಕ್ಕಿ ಸೇರಿಸಿ ಚಕ್ರ ಹಾಕಿ ನಟ್ಟು ಬಿಗಿದೆ. ಸೀಳಿಗೆ ಅಂಟು ತುಂಬಿ ಕಪ್ಪು ದಾರ ಸುತ್ತಿದೆ. ಒಳಗಿನ ಉಕ್ಕು ಗಟ್ಟಿಯೇ ಇತ್ತು. ಮೊಮ್ಮಗಳು ಸಂಜೆ ಬಂದು ಮೈದಾನದಲ್ಲಿ ಎಂಟರ ಆಕಾರದಲ್ಲಿ ಸುತ್ತಿಸಿ, ಗಕ್ಕನೆ ಬ್ರೇಕ್ ಹಾಕಿ, ಕೈ ಬಿಟ್ಟು ಹಿಡಿದು, ಎಲ್ಲ ತಪಾಸಣೆ ಮಾಡಿದಳು. "ಪಾಸ್, ಆಯಿ" ಎಂದಳು. ಆದರೂ ಮದುವೆಯ ದಿನ ಬೆಳಗ್ಗೆ ರೇಷ್ಮೆ ಸೀರೆ ಉಟ್ಟುಕೊಂಡೇ ಹೋಗಿ ನಟ್ಟಿನ ಮೇಲೆ ಪಾನೆ ಇಟ್ಟು ಮತ್ತೊಮ್ಮೆ ನೋಡಿದೆ.

ಅಕ್ಷತೆ ಬಿತ್ತು. ಊಟವಾಯಿತು. ಮಂಟಪದ ಹೊರಗೆ ಗಾಡಿ ಚೆಂಡು ಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು. ಮೊಮ್ಮಗಳು ಬಾಸಿಂಗ ಬಿಚ್ಚಿ ಗಂಡನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಚಕ್ರದ ಹಿಂದೆ ಕೂತಳು. ಆಗ ಬೀಗಿತ್ತಿ ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಕೈಯಲ್ಲಿ ಬೆಳ್ಳಿ ಬಟ್ಟಲು. ಬಟ್ಟಲಿನಲ್ಲಿ ಪಂಚಾಮೃತ.

ಇಷ್ಟು ಜನರ ಎದುರು ಬೇಡ ಅನ್ನಲೇ? ಅವರ ಮನೆಯ ಹರಕೆ, ಅವರ ಮನೆಯ ಗಾಡಿ. ಅವರು ಚಮಚೆ ತುಂಬಿ ಚಕ್ರದ ನಡುವೆ ತಂದು ಹಿಡಿದರು. ಮೊಮ್ಮಗಳು ನನ್ನ ಕಡೆ ನೋಡಿದಳು. ನಾನು ಬೀಗಿತ್ತಿಯ ಕಡೆ ನೋಡಿದೆ.

"ಏನ ಹಂಗ ನೋಡ್ತೀರಿ, ಕೈ ಹಿಡೀರಿ," ಎಂದರು.

ಹಿಡಿದೆ. ಎಷ್ಟು ತಿಕ್ಕಿದರೂ ಗ್ರೀಸಿನ ಗೆರೆ ಹೋಗದ ಅಂಗೈ. ಅದರೊಳಗೆ ಚಮಚೆ ಬಗ್ಗಿಸಿದರು. "ಈ ವರ್ಷದಿಂದ ಇಲ್ಲಿ. ಕುಡೀರಿ. ನೀವರ ಕುಡೀತೀರಿ ಅಂತ ಖಾತ್ರಿ ಅದ."

ಕುಡಿದೆ. ಗಾಡಿ ಹೊರಟಿತು. ಎಲ್ಲರೂ ಮದುಮಕ್ಕಳ ಮುಖ ನೋಡಿ ಕೈ ಬೀಸುತ್ತಿದ್ದರು. ನಾನು ಅವಳ ಕೈ ನೋಡುತ್ತಿದ್ದೆ. ಬೀದಿಯ ತಿರುವಿನಲ್ಲಿ ಅವಳು ಚಕ್ರ ತಿರುಗಿಸಿದಳು. ಅದು ಕುಣಿಯಲಿಲ್ಲ, ತಿರುಗಿತು, ನೇರವಾಯಿತು, ಮರೆಯಾಯಿತು. ನನ್ನ ಅಂಗೈ ಸಂಜೆಯವರೆಗೂ ಅಂಟಂಟಾಗಿಯೇ ಇತ್ತು. ಬಿಸಿನೀರು ಕಾಯಿಸಲು ಮನಸ್ಸಾಗಲಿಲ್ಲ.